ಕಿಂಡಿ ಒಂದೇ ಆದರೆ ಸಾಲದು

ಗಣಕಯಂತ್ರದ ಯು.ಎಸ್.ಬಿ. ಕಿಂಡಿಯನ್ನು ಇಂದು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿದರೆ ತೆರೆದುಕೊಳ್ಳುತ್ತದೆ, ಕೀಲಿಮಣೆ ಸಿಕ್ಕಿಸಿದರೆ ಅಕ್ಷರ ಮೂಡುತ್ತದೆ. ಈ ಸೌಕರ್ಯಕ್ಕೆ ಕಿಂಡಿಯ ಆಕಾರವೇ ಕಾರಣವೆಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಇದು ತಯಾರಕರ ನಡುವಿನ ಒಡಂಬಡಿಕೆಯ ಫಲ. ಒಡಂಬಡಿಕೆ ಇಲ್ಲದ ಕಡೆ ಗಟ್ಟಿಮುಟ್ಟಾದ ಸಾಧನಗಳೂ ಮೂಲೆ ಸೇರಿವೆ, ಇಂದಿಗೂ ಸೇರುತ್ತಿವೆ.

ಮೊದಲು ಮೌಸಿಗೊಂದು, ಮುದ್ರಕಕ್ಕೊಂದು ಎಂದು ಬೇರೆ ಬೇರೆ ಕಿಂಡಿಗಳಿದ್ದವು. 1996ರ ಜನವರಿಯಲ್ಲಿ ಯು.ಎಸ್.ಬಿ.ಯ ಮೊದಲ ಮಾನದಂಡ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಇಂಟೆಲ್‌ನ ಅಜಯ್ ಭಟ್ ಬರೋಡಾದಲ್ಲಿ ಓದಿದವರು. ಆದರೆ 1995ರ ಆಗಸ್ಟ್‌ನಲ್ಲಿ ಅಂಗಡಿಗೆ ಬಂದ ವಿಂಡೋಸ್ 95ಕ್ಕೆ ಈ ಕಿಂಡಿಯ ಪರಿಚಯವೇ ಇರಲಿಲ್ಲ. ಆಮೇಲೆ ದೊರೆತ ಬೆಂಬಲವೂ ಗಣಕ ತಯಾರಕರಿಗೆ ಕೊಟ್ಟ ಆವೃತ್ತಿಗೆ ಸೀಮಿತವಾಗಿತ್ತು. ಯಂತ್ರದ ಬೆನ್ನಿಗೆ ಕಿಂಡಿಯಿದ್ದರೂ ಅದರ ಮಾತು ಬಲ್ಲ ತಂತ್ರಾಂಶ ಎಷ್ಟೋ ಕಡೆ ಒಳಗಿರಲಿಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ಸಮ್ಮುಖದಲ್ಲಿಯೇ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿದೊಡನೆ ಪರದೆ ನೀಲಿಯಾಗಿ ಯಂತ್ರ ಸ್ತಬ್ಧವಾದದ್ದು ಪ್ರಸಿದ್ಧ ಸಂಗತಿ.

ವಿಂಡೋಸ್ 98ರಲ್ಲಿಯೂ ಪೆನ್‌ಡ್ರೈವ್ ತೆರೆಯಲು ಅದರ ತಯಾರಕರು ಕೊಟ್ಟ ಚಾಲಕ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಮೊದಲು ಅಳವಡಿಸಬೇಕಿತ್ತು. 2000ದಲ್ಲಿ ಬಂದ ವಿಂಡೋಸ್ 2000 ಮತ್ತು ಎಂಇ ಆವೃತ್ತಿಗಳಲ್ಲಿ ಎಲ್ಲ ಪೆನ್‌ಡ್ರೈವ್‌ಗಳಿಗೂ ಒಂದೇ ಸಾಮಾನ್ಯ ಡ್ರೈವರ್ ಸೇರಿತು. ಸಾಧನವು ಜೋಡಣೆಯಾದೊಡನೆ ತಾನು ಯಾವ ವರ್ಗಕ್ಕೆ ಸೇರಿದ್ದೆಂದು ಹೇಳಿಕೊಳ್ಳುತ್ತದೆ. ವ್ಯವಸ್ಥೆಯು ಆ ವರ್ಗದ ಡ್ರೈವರನ್ನು ಒದಗಿಸುತ್ತದೆ. ತಯಾರಕರ ಹೆಸರು ಕೇಳುವ ಅಗತ್ಯವೇ ಇಲ್ಲ.

ಹಳೆಯ ಸ್ಕ್ಯಾನರುಗಳಿಗೆ ಈ ಭಾಗ್ಯವಿಲ್ಲ. ಒಂದೊಂದು ಕಂಪನಿಯದೂ ಒಂದೊಂದು ಗುಟ್ಟಿನ ಭಾಷೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇವಲ 64 ಬಿಟ್‌ನ ವ್ಯವಸ್ಥೆ; 32 ಬಿಟ್‌ನ ಡ್ರೈವರ್ ಮಾತ್ರ ಉಳ್ಳ ಸಾಧನ ಅದರಲ್ಲಿ ನಡೆಯದು. ಗಾಜು ಒಡೆದಿಲ್ಲ, ದೀಪ ಆರಿಲ್ಲ. ಆದರೂ ಸ್ಕ್ಯಾನರ್ ಕಸವಾಗುತ್ತದೆ.

ಹಳೆಯದಕ್ಕೆಲ್ಲ ಎಷ್ಟು ಕಾಲ ಡ್ರೈವರ್ ಬರೆಯುತ್ತ ಕೂರುವುದು ಎಂದು ತಯಾರಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಬರೆಯಲಾಗದಿದ್ದರೆ ಬೇಡ, ಆ ಸಾಧನದ ಭಾಷೆಯನ್ನಾದರೂ ಪ್ರಕಟಿಸಲಿ. ಬಲ್ಲವರು ಬರೆದುಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಸೇನ್ ಎಂಬ ಯೋಜನೆಯ ಸ್ವಯಂಸೇವಕರು ಅನೇಕ ಹಳೆಯ ಸ್ಕ್ಯಾನರುಗಳನ್ನು ಹೀಗೆಯೇ ಬದುಕಿಸಿದ್ದಾರೆ. ಮಾಹಿತಿ ಸಿಗದ ಕಡೆ ಅವರು ತಡಕಾಡಿ ಕಂಡುಕೊಳ್ಳಬೇಕಾಗುತ್ತದೆ.

ನನ್ನ ಶಿಷ್ಯರಲ್ಲಿ ತಂತ್ರಜ್ಞರಿದ್ದೀರಿ, ಶಾಲೆ ಕಚೇರಿಗಳಿಗೆ ಯಂತ್ರ ಕೊಳ್ಳುವ ಅಧಿಕಾರಸ್ಥರೂ ಇದ್ದೀರಿ. ಬೆಲೆ ವಿಚಾರಿಸುವಾಗ ಇನ್ನೊಂದು ಮಾತನ್ನೂ ವಿಚಾರಿಸಿ: ಈ ಸಾಧನ ಸಾಮಾನ್ಯ ಡ್ರೈವರಿನಿಂದ ನಡೆಯುತ್ತದೆಯೇ? ಕೊಳ್ಳುವವರು ಕೇಳತೊಡಗಿದರೆ ಮಾರುವವರು ಉತ್ತರ ಹುಡುಕಲೇಬೇಕಾಗುತ್ತದೆ.