ಹಾರಕ್ಕಿಂತ ಮೊದಲು ಹಾಲು

ಜನವರಿ 15 ಕುಸ್ತಿಪಟು ಖಾಶಾಬಾ ಜಾಧವರ ಜನ್ಮದಿನ. ಪಟಕ್ಕೆ ಹಾರ ಹಾಕಿ, ನಾಲ್ಕು ಮಾತಾಡಿ, ಚಹಾ ಕುಡಿದು ಎದ್ದು ಹೋಗುವುದು ಸುಲಭ. ಅದರ ಬದಲು ಅವರ ಸ್ಮಾರಕವಾಗಿ ನಮ್ಮ ಜಿಲ್ಲೆಯ ಗರಡಿಗಳ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗಬೇಕೆಂದು ನಾವು ಒತ್ತಾಯಿಸುತ್ತೇವೆ. ಮರಾಠಿ ನಾಡಿನ ಪೈಲವಾನರ ಹೆಸರು ಇಲ್ಲೇಕೆ ಎಂದು ಕೇಳುವವರಿಗೆ ಅವರ ಬಾಳೇ ಉತ್ತರ ಹೇಳುತ್ತದೆ.

ಸಾತಾರಾ ಜಿಲ್ಲೆಯ ಕರಾಡದ ಹತ್ತಿರ ಗೋಳೇಶ್ವರ ಎಂಬ ಹಳ್ಳಿಯಿದೆ. 1926ರಲ್ಲಿ ಅಲ್ಲಿ ಹುಟ್ಟಿದ ಜಾಧವರು ಪೈಲವಾನರಾಗಿದ್ದ ತಂದೆಯ ಕೈಯಲ್ಲಿ ಪಟ್ಟು ಕಲಿತರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದರು. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಹಾಪುರದ ಮಹಾರಾಜರ ಖರ್ಚಿನಲ್ಲಿ ಹೋಗಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೊರಡುವ ಹೊತ್ತಿಗೆ ಸಂಸ್ಥಾನ ಹೋಗಿ ಪ್ರಜಾಸರಕಾರ ಬಂದಿತ್ತು. ಆದರೆ ಪ್ರಜೆಯ ಮಗನಿಗೆ ದಾರಿಖರ್ಚು ಹುಟ್ಟಲಿಲ್ಲ. ಮುಂಬಯಿ ಸರಕಾರದ ಕದ ತಟ್ಟಿದರೂ ಸಾಕಷ್ಟು ನೆರವು ದೊರೆಯಲಿಲ್ಲ. ಹಳ್ಳಿಯವರು ಪಟ್ಟಿ ಎತ್ತಿದರು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ 7,000 ರೂಪಾಯಿಗೆ ಒತ್ತೆ ಇಟ್ಟರು. ಹೀಗೆ ಕೂಡಿದ ಹಣದಲ್ಲಿ ಹೋದ 26 ವರ್ಷದ ತರುಣ ಕಂಚಿನ ಪದಕ ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಸೆಣಸಿ ತಂದ ಮೊದಲ ಒಲಿಂಪಿಕ್ ಪದಕ ಅದು. ಅಂಥ ಎರಡನೆಯದಕ್ಕೆ ದೇಶ 1996ರ ತನಕ, 44 ವರ್ಷ ಕಾಯಬೇಕಾಯಿತು.

ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ 1956ರ ತನಕ ಮುಂಬಯಿ ರಾಜ್ಯದಲ್ಲೇ ಇದ್ದವು. ಕೈ ಬಿಗಿ ಹಿಡಿದ ಆ ಸರಕಾರ ನಮ್ಮದೂ ಆಗಿತ್ತು. ಆ ಋಣ ನಮ್ಮ ತಲೆಯ ಮೇಲೂ ಇದೆ.

ಪದಕ ಬಂದ ಮೇಲೆ ಏನಾಯಿತು? ಕರಾಡದಿಂದ ಊರಿಗೆ ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆ ನಡೆಯಿತು. ಜಾಧವರು ಕೊಲ್ಹಾಪುರದಲ್ಲಿ ಕುಸ್ತಿ ಏರ್ಪಡಿಸಿ, ತಾವೇ ಕಣಕ್ಕಿಳಿದು, ಬಂದ ಹಣವನ್ನು ಒತ್ತೆಯ ಮನೆ ಬಿಡಿಸಲು ಗುರುಗಳಿಗೆ ಕೊಟ್ಟರು. ದೇಶಕ್ಕೆ ಪದಕ ತಂದವರೇ ದೇಶದ ಸಾಲವನ್ನೂ ತೀರಿಸಿದರು! 1955ರಲ್ಲಿ ಪೊಲೀಸ್ ಖಾತೆ ಸೇರಿದ ಅವರು 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದಾದ ಹದಿನಾರು ವರ್ಷಗಳ ಮೇಲೆ. ದೆಹಲಿಯ ಕುಸ್ತಿ ಸಭಾಂಗಣಕ್ಕೆ ಅವರ ಹೆಸರಿಟ್ಟದ್ದು 2010ರಲ್ಲಿ. ಸತ್ತವರಿಗೆ ಕೊಡುವುದರಲ್ಲಿ ನಮ್ಮ ಸರಕಾರಗಳು ಬಹಳ ಧಾರಾಳ.

ಬದುಕಿದ್ದವರ ಗತಿಯೇನು? ನಸುಕಿನಲ್ಲಿ ಎದ್ದು ಸಾಮು ಮಾಡುವ ಕೂಲಿಕಾರನ ಮಗನಿಗೆ ಹಾಲು, ಬಾದಾಮಿ, ತುಪ್ಪ ಎಲ್ಲಿಂದ ಬರಬೇಕು? ಒಮ್ಮೆ ಮೊಣಕಾಲು ತಿರುಚಿದರೆ ಅವನ ಕುಸ್ತಿಯೂ ಮುಗಿಯಿತು, ಮನೆಯವರು ಸಾಲಗಾರರೂ ಆದರು. ಪದಕ ಗೆದ್ದವರಿಗೆ ಬಹುಮಾನ ಸಾರಲು ಮಂತ್ರಿಗಳು ಪೈಪೋಟಿ ನಡೆಸುತ್ತಾರೆ. ಪದಕದ ಹಿಂದಿನ ಹತ್ತು ವರ್ಷಗಳಿಗೆ ಯಾರೂ ದಿಕ್ಕಿಲ್ಲ.

ಶಾಲೆಯ ಮಾಡು ಸೋರುವಾಗ ಪೈಲವಾನರಿಗೆ ಹಾಲೇ ಎಂದು ಕೆಲವರು ಕೇಳಬಹುದು. ಮಾಡನ್ನೂ ಸರಿಪಡಿಸಿ ಎನ್ನುತ್ತೇವೆ ನಾವು. ಒಬ್ಬ ಬಡವನ ತುತ್ತನ್ನು ತೋರಿಸಿ ಇನ್ನೊಬ್ಬ ಬಡವನ ಬಾಯಿ ಮುಚ್ಚಿಸುವುದು ಆಳುವವರ ಹಳೆಯ ಚಾಳಿ.

ನಮ್ಮ ಬೇಡಿಕೆ ಸ್ಪಷ್ಟ. ಒಂದು, ಈ ವೇತನ ಜಿಲ್ಲಾ ಪಂಚಾಯತಿಯ ಮುಂಗಡಪತ್ರದಲ್ಲಿ ಸೇರಬೇಕು, ಧನಿಕರ ದಾನವಾಗಬಾರದು. ಎರಡು, ಗೆದ್ದ ಮೇಲೆ ಕೊಡುವ ಬಹುಮಾನವಾಗದೆ, ಕಲಿಯುವಾಗಲೇ ತಿಂಗಳು ತಿಂಗಳು ಕೈ ಸೇರಬೇಕು. ಮೂರು, ಆಹಾರ, ಶಾಲೆಯ ಶುಲ್ಕ, ಪೆಟ್ಟು ಬಿದ್ದಾಗಿನ ಔಷಧೋಪಚಾರ ಮೂರಕ್ಕೂ ಸಾಲುವಂತಿರಬೇಕು. ನಾಲ್ಕು, ಹೆಣ್ಣುಮಕ್ಕಳಿಗೂ ಸಮಪಾಲು ಇರಬೇಕು.

ಸಂಗಾತಿಗಳು ತಮ್ಮ ತಮ್ಮ ಊರಿನ ಗರಡಿಗೆ ಹೋಗಿ, ಉಸ್ತಾದರನ್ನು ಕಂಡು, ಮಕ್ಕಳ ಹೆಸರು ಬರೆದುಕೊಳ್ಳಲಿ. ಆ ಯಾದಿಯೊಡನೆ ಜಿಲ್ಲಾ ಪಂಚಾಯತಿಯ ಬಾಗಿಲಿಗೆ ಹೋಗೋಣ. ಖರ್ಡೀಕರರಂಥ ಗುರುಗಳಿದ್ದರೆಂದು ಹೆಮ್ಮೆಪಡೋಣ. ಆದರೆ ಇನ್ನೊಬ್ಬ ಗುರು ತನ್ನ ಮನೆ ಒತ್ತೆ ಇಡಬೇಕಾಗಿ ಬಂದರೆ, ಅದು ನಮ್ಮೆಲ್ಲರ ನಾಚಿಕೆ.