ನಮೂನೆಯ ಅಂಕಣಗಳೂ ರೈತನ ಹಿತವೂ

ಅಲೆವೂರಿನ ಕೃಷಿಕನು ತನ್ನ ಪಹಣಿಯನ್ನು ಗಣಕಯಂತ್ರದಲ್ಲಿ ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂಬ ಅಂಕಣಗಳನ್ನು ಕ್ರಮವಾಗಿ ಆರಿಸಬೇಕಷ್ಟೆ. ಮೇಲಿನ ಅಂಕಣಕ್ಕೆ ಸೇರಿದವು ಮಾತ್ರವೇ ಕೆಳಗೆ ತೋರುವ ಈ ಏರ್ಪಾಡು ಬಹು ಉಪಯುಕ್ತವಾದುದು. ತಾನಾಗಿ ಅಚ್ಚಾಗುವ ಅರ್ಜಿ, ದೃಢೀಕರಣಪತ್ರ ಮೊದಲಾದ ನಮೂನೆಗಳಲ್ಲಿಯೂ ಇದನ್ನೇ ಅನುಸರಿಸತಕ್ಕದ್ದು.

ಆದರೆ ಮೇಲಿನದನ್ನು ತಿದ್ದಿದೊಡನೆ ಕೆಳಗಿನವೆಲ್ಲವೂ ಬರಿದಾಗಬೇಕು. ಇಲ್ಲವಾದರೆ ಗ್ರಾಮ ಬದಲಾದರೂ ಹಳೆಯ ಹಿಸ್ಸಾ ಉಳಿದು, ಒಬ್ಬನ ಸಾಲಪತ್ರದಲ್ಲಿ ಇನ್ನೊಬ್ಬನ ಗದ್ದೆ ನಮೂದಾದೀತು. 1997ರಲ್ಲಿ ಉಡುಪಿ ಜಿಲ್ಲೆಯೂ ಆ ಬಳಿಕ ಕಾಪು ತಾಲ್ಲೂಕೂ ಪ್ರತ್ಯೇಕವಾದವು; ಹೀಗೆ ಗಡಿಗಳು ಮಾರ್ಪಟ್ಟಾಗ ಪಟ್ಟಿಯನ್ನೂ ಕೂಡಲೇ ತಿದ್ದದಿದ್ದರೆ, ರೈತನಿಗೆ ತನ್ನ ಗ್ರಾಮವೇ ದೊರೆಯದು. ಆದುದರಿಂದ ಪಟ್ಟಿಯ ಪಾಲನೆಯನ್ನು ನಿಯಮಿತನಾದ ಒಬ್ಬ ಅಧಿಕಾರಿಗೆ ವಹಿಸುವುದು ಆವಶ್ಯಕ. ರೈತಬಾಂಧವರೂ ಸಹಿ ಹಾಕುವುದಕ್ಕೆ ಮುಂಚೆ ಅಚ್ಚಾದ ಹಿಸ್ಸಾ ಸಂಖ್ಯೆಯನ್ನು ಪಹಣಿಯೊಡನೆ ತಾಳೆನೋಡತಕ್ಕದ್ದು.