ವಿದ್ಯಾರ್ಥಿನಿ ನಿಲಯದ ನೆನಪುಗಳು

ಜೀವ ವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ನಾಡಿನ ನಾನಾ ಮೂಲೆಗಳಿಂದ ಬಂದು ನೆಲೆಸಿದ ಕುಟುಂಬಗಳು ಹಲವು. ಬಾಲ್ಯವನ್ನು ದೂರದೂರಿನ ವಿದ್ಯಾರ್ಥಿನಿ ನಿಲಯದಲ್ಲಿ ಕಳೆದ ಹಿರಿಯ ತಾಯಂದಿರೂ ಅಲ್ಲಿದ್ದಾರೆ. ಅಂಥವರನ್ನು ಮಾತಿಗೆಳೆದರೆ ಮೊದಲು ನಗುವೇ ಬರುತ್ತದೆ: ಬೆಳಗಿನ ಗಂಟೆ, ತಣ್ಣೀರಿನ ಸ್ನಾನ, ಪಂಕ್ತಿಯ ಊಟ, ಒಬ್ಬರ ಜಡೆಯನ್ನು ಮತ್ತೊಬ್ಬರು ಹೆಣೆದ ಸಂಜೆಗಳು. ಇನ್ನಷ್ಟು ಹೊತ್ತು ಕುಳಿತರೆ ಬೇರೊಂದು ದನಿ ಕೇಳುತ್ತದೆ: ಮನೆಯ ಕಾಗದ ಬಾರದ ವಾರಗಳು, ತಾಯಿಯ ಕೈಗಾಗಿ ಹಂಬಲಿಸಿದ ಜ್ವರದ ರಾತ್ರಿ, ಮೊದಲ ಬಾರಿ ಮುಟ್ಟಾದಾಗ ಯಾರಲ್ಲಿ ಹೇಳಬೇಕೆಂದು ತಿಳಿಯದ ಭಯ. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಮೊದಲ ಬಗೆಯ ನೆನಪುಗಳೇ ಅಚ್ಚಾಗುತ್ತವೆ. ಇದು ಉಚಿತವಲ್ಲ.

ನಿಲಯಗಳ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಗಂಡುಹುಡುಗನು ಮೈಲಿಗಟ್ಟಲೆ ನಡೆದೋ, ವಾರಾನ್ನ ಉಂಡೋ ಓದಬಹುದಿತ್ತು. ಹೆಣ್ಣುಮಗಳಿಗೆ ಆ ದಾರಿಗಳು ಬಹುಮಟ್ಟಿಗೆ ಮುಚ್ಚಿದ್ದವು. ಊರ ಶಾಲೆಯ ಕೊನೆಯ ತರಗತಿಯೇ ಎಷ್ಟೋ ಬಾಲಕಿಯರ ವಿದ್ಯೆಯ ಕೊನೆಯಾಗುತ್ತಿತ್ತು, ಅದರಾಚೆ ಮದುವೆಯ ಮಾತು. ಆ ಬಾಗಿಲನ್ನು ತೆರೆದದ್ದು ವಸತಿಶಾಲೆ. 1824ರಲ್ಲಿ ಆಂಗ್ಲರನ್ನೆದುರಿಸಿದ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1969ರಲ್ಲಿ, ಆಕೆಯ ಹೆಸರಿನಲ್ಲಿಯೇ ಬಾಲಕಿಯರ ಸೈನಿಕ ವಸತಿಶಾಲೆ ಸ್ಥಾಪಿತವಾಯಿತು. 2004ರಲ್ಲಿ ಭಾರತ ಸರ್ಕಾರವು ಶಿಕ್ಷಣದಲ್ಲಿ ಹಿಂದುಳಿದ ಪ್ರದೇಶಗಳ ಬಾಲಕಿಯರಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆಯನ್ನು ಆರಂಭಿಸಿತು. ಮೊದಲು 6ರಿಂದ 8ನೆಯ ತರಗತಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು 12ನೆಯ ತರಗತಿಯವರೆಗೂ ವಿಸ್ತರಿಸಲು 2018ರ ಸಮಗ್ರ ಶಿಕ್ಷಣ ಯೋಜನೆಯು ಅವಕಾಶ ಕಲ್ಪಿಸಿತು.

ಆದರೆ ಕಟ್ಟಡವೂ ಅನ್ನವೂ ಒದಗಿದ ಮಾತ್ರಕ್ಕೆ ನಿಲಯವು ಮನೆಯಾಗದು. ಎಲ್ಲಿ ಕೊರತೆಯಿತ್ತೆಂಬುದನ್ನು ಅಲ್ಲಿ ಬಾಳಿದವರೇ ಹೇಳಬೇಕು. ಉಂಡ ಮನೆಗೆ ಎರಡು ಬಗೆಯಬಾರದೆಂದು ಹಲವರು ಹಿಂಜರಿಯುತ್ತಾರೆ. ಆ ಸಂಕೋಚ ಗೌರವಾರ್ಹವೇ; ಆದರೂ ಬಿರುಕಿನ ಮೇಲೆ ಸುಣ್ಣ ಬಳಿಯುವುದು ಮನೆಗೆ ಮಾಡುವ ಉಪಕಾರವಲ್ಲ, ಬಿರುಕನ್ನು ತೋರಿಸುವುದೇ ಉಪಕಾರ. ರಾತ್ರಿ ಅತ್ತ ಮಗುವಿನ ಬಳಿ ಯಾರು ಬಂದರು, ಯಾರೂ ಬರಲಿಲ್ಲವೇ ಎಂಬುದು ನಿಲಯದ ಲೆಕ್ಕಪುಸ್ತಕದಲ್ಲಿ ದೊರೆಯದು. ಹಳೆಯ ವಿದ್ಯಾರ್ಥಿನಿಯ ನೆನಪಿನಲ್ಲಿ ಮಾತ್ರ ದೊರೆಯುತ್ತದೆ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರು ಲೇಖನಿ ಹಿಡಿಯಲಿ. ಸಿಹಿಯನ್ನೂ ಬರೆಯಲಿ, ಕಹಿಯನ್ನೂ ಬರೆಯಲಿ. ಸಂಪಾದಕರು ಎರಡನ್ನೂ ಅಚ್ಚು ಮಾಡಿಸಲಿ. ಬರುವ ಜೂನ್ ತಿಂಗಳಲ್ಲಿ ತಗಡಿನ ಪೆಟ್ಟಿಗೆಯೊಂದಿಗೆ ನಿಲಯದ ಬಾಗಿಲಲ್ಲಿ ನಿಂತು, ತಂದೆ ಮರೆಯಾದ ತಿರುವನ್ನೇ ನೋಡುವ ಹತ್ತು ವರ್ಷದ ಮಗುವಿಗೆ ಆ ಬರಹದಿಂದ ಆಸರೆ ದೊರೆಯಬಹುದು.